ದೂರು ಕೊಡುವವರು ಯಾರು?

ಮಾನವ ಹಕ್ಕುಗಳ ಕಾನೂನನ್ನು ಕುರಿತು ಮಾತನಾಡಲು ತಾವು ನನ್ನನ್ನು ಕರೆದಿದ್ದೀರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನರಿಗೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಮುತ್ತು ಕಟ್ಟಿಸುವುದು ಎಂದರೇನೆಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಾನೂನಿಗೆ ಬರವಿರಲಿಲ್ಲ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂದಿತ್ತು. ಬಳಿಕ ಕರ್ನಾಟಕದ 1982ರ ನಿಷೇಧ ಕಾಯ್ದೆ 1984ರಲ್ಲಿ ಜಾರಿಯಾಯಿತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ. ಮಾಡಿದವರು ಹೆತ್ತವರೋ ಸಂಬಂಧಿಕರೋ ಆಗಿದ್ದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಆದರೂ ಸರ್ಕಾರದ 1993-94ರ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು; 2007-08ರ ಸಮೀಕ್ಷೆ ಮತ್ತೆ 23,787 ಮಂದಿಯನ್ನು ಪಟ್ಟಿಗೆ ಸೇರಿಸಿತು. ಇವರಲ್ಲಿ ಕಾಯ್ದೆಗೆ ಮುಂಚೆಯೇ ಮುತ್ತು ಕಟ್ಟಿಸಿಕೊಂಡ ಹಿರಿಯರೂ ಇದ್ದರೆಂಬುದು ನಿಜ.

ತೊಡಕು ಇರುವುದು ಬೇರೆಡೆ. ಹೆಚ್ಚಿನ ಶಿಕ್ಷೆ ಹೆತ್ತವರಿಗೆ; ದೂರು ಕೊಡಬೇಕಾದವಳು ಹತ್ತು-ಹನ್ನೆರಡರ ಹುಡುಗಿ. ಅವಳು ಠಾಣೆಗೆ ಹೋಗಿ ಅವ್ವನ ಹೆಸರು ಬರೆಸಬೇಕು. ಬರೆಸಿದ ಮೇಲೆ ಆ ರಾತ್ರಿ ಯಾರ ಮನೆಯಲ್ಲಿ ಉಣ್ಣಬೇಕು? ಊರವರಿಗೆ ಎಲ್ಲವೂ ಗೊತ್ತು. ಆದರೆ ಒಬ್ಬರಿಗೆ ದೇವಿಯ ಭಯ, ಇನ್ನೊಬ್ಬರಿಗೆ ಹಿರಿಯರ ದಾಕ್ಷಿಣ್ಯ.

ಆಯೋಗವಿದೆಯಲ್ಲ ಎನ್ನಬಹುದು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಮನ್ನು ಓದಿ ನೋಡಿ. ಉಲ್ಲಂಘನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಹತ್ತರಲ್ಲಿ ಮುತ್ತು ಕಟ್ಟಿಸಿಕೊಂಡ ಮಗು ಹನ್ನೊಂದು ತುಂಬುವುದರೊಳಗೆ ಅರ್ಜಿ ಬರೆಯಬೇಕೆಂದಾಯಿತು! ವಿಚಾರಣೆ ನಡೆದರೂ ಆಯೋಗ ಮಾಡಬಲ್ಲದ್ದು ಶಿಫಾರಸು ಮಾತ್ರ.

ಹೊಣೆಯನ್ನು ಬೇರೆ ಕಡೆಗೆ ತಿರುಗಿಸಿದ ಮೊಕದ್ದಮೆಯೊಂದು ಆಫ್ರಿಕದಲ್ಲಿ ನಡೆದಿದೆ. ನೈಜರ್ ದೇಶದ ಹದಿಜಾತು ಮಾನಿಯನ್ನು 12ನೇ ವಯಸ್ಸಿನಲ್ಲಿ ಮಾರಲಾಗಿತ್ತು. ಆ ದೇಶ 2003ರಲ್ಲಿ ಗುಲಾಮಗಿರಿಯನ್ನು ಅಪರಾಧವೆಂದು ಸಾರಿತು. ಆದರೂ ಆಕೆ ಬಿಡುಗಡೆ ಪಡೆದು ಬೇರೆ ಮದುವೆಯಾದಾಗ ಅಲ್ಲಿಯ ಕೋರ್ಟು ದ್ವಿಪತಿತ್ವದ ಆರೋಪ ಹೊರಿಸಿ ಆಕೆಯನ್ನೇ ಜೈಲಿಗೆ ಕಳುಹಿಸಿತು. ಪಶ್ಚಿಮ ಆಫ್ರಿಕ ದೇಶಗಳ ಒಕ್ಕೂಟದ ನ್ಯಾಯಾಲಯ 2008ರ ಅಕ್ಟೋಬರ್ 27ರಂದು ಹೊಣೆ ಹೊರಿಸಿದ್ದು ಯಜಮಾನನ ಮೇಲಲ್ಲ, ಸರ್ಕಾರದ ಮೇಲೆ. ಕಾನೂನು ಬರೆದಿಟ್ಟು ಕೈಕಟ್ಟಿ ಕುಳಿತದ್ದಕ್ಕೆ ಒಂದು ಕೋಟಿ ಫ್ರಾಂಕ್ ಪರಿಹಾರ ಕೊಡಬೇಕಾಯಿತು. ಏಷ್ಯಾ ಖಂಡದಲ್ಲಿ ನಮಗೆ ಅಂಥ ನ್ಯಾಯಾಲಯವಿಲ್ಲ.

ಕರ್ನಾಟಕದ ವಿಧಾನಮಂಡಲ 2025ರಲ್ಲಿ ಹೊಸ ಮಸೂದೆಯನ್ನು ಅಂಗೀಕರಿಸಿತು. ಪುನರ್ವಸತಿಯ ಮಾತು, ದೇವದಾಸಿಯರ ಮಕ್ಕಳ ಹಕ್ಕಿನ ಮಾತು ಅದರಲ್ಲಿವೆ. ಒಳ್ಳೆಯದೇ. ಆದರೆ 1984ರಿಂದ ಈಚೆಗೆ ಈ ನಾಲ್ಕು ತಾಲ್ಲೂಕುಗಳ ಠಾಣೆಗಳಲ್ಲಿ ಹಳೆಯ ಕಾಯ್ದೆಯಡಿ ಎಷ್ಟು ಪ್ರಕರಣ ದಾಖಲಾದವು, ಎಷ್ಟರಲ್ಲಿ ಶಿಕ್ಷೆಯಾಯಿತು? ಮಾಹಿತಿ ಹಕ್ಕಿನ ಅರ್ಜಿಗೆ ತಗಲುವುದು ಹತ್ತು ರೂಪಾಯಿ. ಅದನ್ನು ಬರೆಯಲು ಆ ಹುಡುಗಿಯೇ ಬರಬೇಕಾಗಿಲ್ಲ.