ಗೋಣಿಚೀಲದಲ್ಲಿ ಒಂಬತ್ತು ತಿಂಗಳು

ಕಾಫಿ ಬೆಳೆಯುವವರ ಕಷ್ಟಸುಖಗಳನ್ನು ಕುರಿತು ನೀವು ಸಾಕಷ್ಟು ಕೇಳಿದ್ದೀರಿ. ಹುರಿದು ಪುಡಿ ಮಾಡುವ ಹದವನ್ನು ಕುರಿತೂ ಕೇಳಿರಬಹುದು. ಇವೆರಡರ ನಡುವೆ, ಬೀಜವು ಗೋಣಿಚೀಲದೊಳಗೆ ಸುಮ್ಮನೆ ಮಲಗಿರುವ ಕಾಲವೊಂದುಂಟು. ಕಾಫಿಪುಡಿಯ ಸಣ್ಣ ಅಂಗಡಿಯೊಂದನ್ನು ನಡೆಸುವ ನನ್ನಂಥವನ ಲಾಭನಷ್ಟಗಳೆಲ್ಲ ತೀರ್ಮಾನವಾಗುವುದು ಆ ಕಾಲದಲ್ಲಿಯೇ.

ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಸೀಮೆಯಲ್ಲಿ ಕೊಯ್ಲು ನವೆಂಬರಿನಲ್ಲಿ ಅರೇಬಿಕಾದಿಂದ ಮೊದಲಾಗಿ, ಫೆಬ್ರವರಿಯ ಹೊತ್ತಿಗೆ ರೋಬಸ್ಟಾದೊಂದಿಗೆ ಮುಗಿಯುತ್ತದೆ. ಬೆಳೆ ಕೈಗೆ ಬರುವುದು ಮೂರು ನಾಲ್ಕು ತಿಂಗಳಲ್ಲಿ. ಜನ ಕುಡಿಯುವುದು ಹನ್ನೆರಡು ತಿಂಗಳೂ. ಹುರಿದ ಬೀಜವಾದರೋ ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ. ಆದ್ದರಿಂದ ಕಾದಿಡಬೇಕಾದದ್ದು ಹುರಿಯದ ಬೀಜವನ್ನು. ಇದಕ್ಕೆ ಹಸಿರು ಕಾಫಿ ಎಂದು ಹೆಸರು. ತೊಳೆದು ಒಣಗಿಸಿದ ಅರೇಬಿಕಾಕ್ಕೆ ಆ ಹೆಸರು ಒಪ್ಪುತ್ತದೆ. ಹಣ್ಣಿನೊಡನೆಯೇ ಒಣಗಿಸಿದ ಚೆರ್ರಿ ಕಾಫಿಯಲ್ಲಿ ಹಸಿರನ್ನು ಹುಡುಕಿದರೂ ಸಿಗುವುದು ಕಷ್ಟ, ಅದು ಹಳದಿಗೂ ಕಂದಿಗೂ ನಡುವಿನ ಬಣ್ಣ.

ಈ ಬೀಜ ನೋಡುವುದಕ್ಕೆ ಕಲ್ಲಿನಂತಿದ್ದರೂ ಗಾಳಿಯೊಡನೆ ಸದಾ ಕೊಡುಕೊಳ್ಳುವ ವ್ಯವಹಾರ ನಡೆಸುತ್ತಿರುತ್ತದೆ. ಅದರಲ್ಲಿ ನೂರಕ್ಕೆ 10ರಿಂದ 12 ಪಾಲು ತೇವ ಇದ್ದರೆ ಕ್ಷೇಮ. ಗಾಳಿಯ ತೇವಾಂಶ 60ರ ಆಸುಪಾಸಿನಲ್ಲಿದ್ದರೆ ಈ ಹದ ಹೆಚ್ಚುಕಡಮೆ ತಾನಾಗಿ ಉಳಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಅಂಥ ಗಾಳಿಯನ್ನು ಎಲ್ಲಿಂದ ತರುವುದು? ಬೀಜ ನೀರನ್ನು ಹೀರಿ ಮೊದಲು ಬಿಳಚಿಕೊಳ್ಳುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಕೆಲವು ಬಗೆಯ ಬೂಷ್ಟು ಓಕ್ರಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುದುಂಟು. ಅದು ಮೂತ್ರಪಿಂಡಕ್ಕೆ ಕೇಡು, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಇನ್ನು ಅತಿಯಾಗಿ ಒಣಗಿದರೆ ಬೀಜ ಪುಡಿಯಾಗುತ್ತದೆ, ಹುರಿಯುವಾಗ ಬಣ್ಣ ಸಮನಾಗಿ ಬರುವುದಿಲ್ಲ.

ಮಂಗಳೂರಿನ ಕಡೆಯವರು ಈ ಕೇಡನ್ನೇ ಕಸುಬಾಗಿ ಮಾಡಿಕೊಂಡಿದ್ದಾರೆ. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾವನ್ನು ಸುತ್ತಿಕೊಂಡು ಯುರೋಪು ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಕಡಲ ತೇವಕ್ಕೆ ಬೀಜ ಊದಿ ಹಳದಿಯಾಗುತ್ತಿತ್ತು, ಹುಳಿ ತಗ್ಗುತ್ತಿತ್ತು. ಅಲ್ಲಿಯವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ದಾರಿ ಹತ್ತಿರವಾಯಿತು. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ, ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ, ಮತ್ತೆ ಸುರಿದು, ಮುಂಗಾರಿನ ಗಾಳಿಯನ್ನು ಬೇಕೆಂದೇ ಕುಡಿಸುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂಬುದು ಇದೇ. ಆದರೆ ಅಲ್ಲಿ ಪ್ರತಿ ಚೀಲದ ಮೇಲೂ ಕಣ್ಣಿರುತ್ತದೆ. ಅಲಕ್ಷ್ಯದಿಂದ ತೇವಗೊಂಡ ಚೀಲಕ್ಕೆ ಆ ಹೆಸರನ್ನಿಟ್ಟು ಮಾರಲು ಬರುವ ದಲ್ಲಾಳಿಗಳನ್ನೂ ನಾನು ಕಂಡಿದ್ದೇನೆ.

ಹಿಂದೆ ಈ ಕಾಯುವ ಕೆಲಸ ಕಾಫಿ ಮಂಡಳಿಯದಾಗಿತ್ತು. ಬೆಳೆಗಾರರು ಬೆಳೆಯನ್ನು ಪೂಲಿಗೆ ಒಪ್ಪಿಸಬೇಕು. ಮಂಡಳಿ ದಾಸ್ತಾನಿಟ್ಟು ವರ್ಷವಿಡೀ ಹರಾಜಿನಲ್ಲಿ ಮಾರುತ್ತಿತ್ತು. ಬೆಳೆಗಾರನಿಗೆ ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. ಕಾಯುವ ಭಾರವೆಲ್ಲ ಅವನ ಬೆನ್ನ ಮೇಲಿದ್ದುದರಿಂದ ಆ ವ್ಯವಸ್ಥೆಗಾಗಿ ನಾನು ಕಣ್ಣೀರು ಹಾಕಲಾರೆ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದಾಗ ಅವನು ಬಿಡುಗಡೆ ಹೊಂದಿದ. ಆದರೆ ಭಾರ ಮಾಯವಾಗಲಿಲ್ಲ. ಕೈ ಬದಲಾಯಿಸಿತು, ಅಷ್ಟೆ. ದೊಡ್ಡ ಕಂಪನಿಗಳಿಗೆ ಸ್ವಂತ ಗೋದಾಮುಗಳಿವೆ. ವಾರಕ್ಕೆ 50 ಕಿಲೋದ ನಾಲ್ಕು ಮೂಟೆ ಹುರಿಯುವ ಅಂಗಡಿಗೂ ವರ್ಷಕ್ಕೆ ಇನ್ನೂರಕ್ಕೆ ಮೇಲ್ಪಟ್ಟು ಮೂಟೆ ಬೇಕು. ಅಷ್ಟನ್ನೂ ಮಾರ್ಚಿಯಲ್ಲೇ ಕೊಳ್ಳಲು ಹಣವೆಲ್ಲಿ, ಇಡಲು ಜಾಗವೆಲ್ಲಿ? ಕೊಳ್ಳದಿದ್ದರೆ ಮಳೆಗಾಲದಲ್ಲಿ ಸಿಕ್ಕಿದ ಬೀಜ, ಹೇಳಿದ ಬೆಲೆ. ಒಂದೇ ರುಚಿಯನ್ನು ನಂಬಿ ಬರುವ ಗಿರಾಕಿಗೆ ನಾನು ಏನು ಉತ್ತರ ಹೇಳಲಿ?

ಬಾಡಿಗೆಯ ಗೋದಾಮುಗಳುಂಟು, ನಿಜ. ಆದರೆ ಅವು ಸಾವಿರ ಮೂಟೆಯವನಿಗೆ ತೆರೆಯುವಷ್ಟು ಸಲೀಸಾಗಿ ಹನ್ನೆರಡು ಮೂಟೆಯವನಿಗೆ ತೆರೆಯುವುದಿಲ್ಲ. ಒಂದು ಗೋದಾಮಿನಲ್ಲಿ ನನ್ನ ಅರೇಬಿಕಾವನ್ನು ಒಣಮೆಣಸಿನಕಾಯಿಯ ಪಕ್ಕದಲ್ಲೇ ಅಟ್ಟಿ ಹಾಕಿದ್ದರು. ಕಾಫಿಯಷ್ಟು ಬೇಗ ಪಕ್ಕದವರ ವಾಸನೆ ಹಿಡಿಯುವ ಪದಾರ್ಥ ಕಡಮೆ. ತಿಂಗಳೆರಡಾದ ಮೇಲೆ ಚೀಲ ಬಿಚ್ಚಿದಾಗ ನನಗೆ ಸೀನು ಬಂತು. ಬಾಡಿಗೆಯ ರಸೀದಿಯಲ್ಲಿ ತೂಕ ಮಾತ್ರ ಬರೆದಿತ್ತು. ತೂಕ ಸರಿಯಾಗಿಯೇ ಇತ್ತು!

ನಮಗೆ ಬೇಕಾದದ್ದು ಅರಮನೆಯಲ್ಲ. ನೆಲದ ತಂಪು ತಾಗದಂತೆ ಮರದ ಹಲಗೆ, ಗೋಡೆಯಿಂದ ಒಂದಾಳು ನಡೆಯುವಷ್ಟು ಅಂತರ, ಕಾಫಿಯಲ್ಲದೆ ಬೇರೇನೂ ಇಲ್ಲದ ಒಳಗು. ಮಳೆ ಹೊಯ್ಯುವಾಗ ಕಿಟಕಿ ಮುಚ್ಚಿ, ಬಿಸಿಲು ಕಂಡ ಮಧ್ಯಾಹ್ನ ತೆರೆಯಬಲ್ಲ ಒಬ್ಬ ಬುದ್ಧಿವಂತ. ಯಂತ್ರಕ್ಕಿಂತ ಈ ಕೊನೆಯವನು ಸಿಗುವುದೇ ದುರ್ಲಭ. ಗೋಣಿಯೊಳಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲವಿಟ್ಟು ಕಟ್ಟುವ ರೂಢಿ ಈಗ ಬಂದಿದೆ. ಬೆಲೆ ಹೆಚ್ಚು, ಆದರೆ ಒಳ್ಳೆಯ ಬೀಜಕ್ಕೆ ಅದು ದುಂದುವೆಚ್ಚವಲ್ಲ. ತೊಳೆದ ಕಾಫಿಯನ್ನು ಪಾರ್ಚ್‌ಮೆಂಟಿನ ಸಿಪ್ಪೆಯಲ್ಲೇ ಇಟ್ಟು, ಬೇಕಾದಷ್ಟನ್ನು ಮಾತ್ರ ಸುಲಿಸಿಕೊಳ್ಳುವುದು ಇನ್ನೂ ಹಳೆಯ, ಇನ್ನೂ ಅಗ್ಗದ ಉಪಾಯ.

ನಾವು ಐದು ಅಂಗಡಿಯವರು ಸೇರಿ ಬಯಲುಸೀಮೆಯ ಅಂಚಿನಲ್ಲಿ, ಗಾಳಿ ಸ್ವಲ್ಪ ಒಣಗಿರುವ ಕಡೆ, ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಪ್ರತಿಯೊಬ್ಬನ ಅಟ್ಟಿಯೂ ಬೇರೆ, ತೋಟದ ಹೆಸರು ಬರೆದ ಚೀಟಿಯೂ ಬೇರೆ. ಲೆಕ್ಕದ ಪುಸ್ತಕ ಮಾತ್ರ ಒಂದೇ. ಜೂನ್ ಹುಟ್ಟುವ ಮೊದಲು ಅದರ ಹೆಂಚು ಕೈಯಾಡಿಸಬೇಕಾಗಿದೆ. ಆಳುಗಳು ಬರುವ ಸೋಮವಾರಕ್ಕೆ ಒಪ್ಪಿದ್ದಾರೆ.