ವಕೀಲರು ಬೇಕೇ, ಬೇಡವೇ?



ಇವತ್ತು ಪಾಠ ಇಲ್ಲ. ಒಂದಿಷ್ಟು ಮಾತು. ಹೋದ ತಿಂಗಳು ನಮ್ಮ ಕೇಂದ್ರದ ಒಬ್ಬ ಅಕ್ಕನಿಗೆ ಆದದ್ದು ನಿಮಗೆಲ್ಲ ಗೊತ್ತು. ಅವರು ಇಲ್ಲೇ ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಕೂತಿದ್ದಾರೆ. ಅವರನ್ನು ಕೇಳಿಯೇ ಈ ವಿಷಯ ಎತ್ತಿದ್ದೇನೆ. "ಹೇಳಿ ಟೀಚರೇ, ನನಗಾದದ್ದು ಇನ್ನೊಬ್ಬರಿಗಾದರೂ ಉಪಯೋಗಕ್ಕೆ ಬರಲಿ" ಅಂದರು.

ಆದದ್ದು ಇಷ್ಟು. ಕಳೆ ಕೀಳುವ ಕೆಲಸ ಮುಗಿಸಿ ಸಂಜೆ ರಸ್ತೆಯ ಪಕ್ಕದಲ್ಲಿ ನಡೆದು ಬರುತ್ತಿದ್ದರು. ಹಿಂದಿನಿಂದ ಒಂದು ಕಾರು ಬಂದು ಹೊಡೆಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಕಾರಿನವನು ಓಡಿ ಹೋಗಲಿಲ್ಲ, ಅದೊಂದು ಪುಣ್ಯ. ತಾನೇ ಆಸ್ಪತ್ರೆಗೆ ಸೇರಿಸಿದ. ಮಾರನೆಯ ದಿನ ಬಂದು ಹತ್ತು ಸಾವಿರ ರೂಪಾಯಿ ದಿಂಬಿನ ಕೆಳಗೆ ಇಟ್ಟ. "ಪೊಲೀಸು ಗಿಲೀಸು ಬೇಡಕ್ಕಾ, ನಮ್ಮ ನಮ್ಮಲ್ಲೇ ಮುಗಿಸಿಕೊಳ್ಳೋಣ" ಅಂದ.

ಅವನು ಹೋದ. ಇನ್ನೊಬ್ಬ ಬಂದ. ಯಾರು, ಎಲ್ಲಿಯವನು, ಯಾರಿಗೂ ಗೊತ್ತಿಲ್ಲ. "ಲಕ್ಷಗಟ್ಟಲೆ ಪರಿಹಾರ ಕೊಡಿಸ್ತೀನಿ. ನೀವು ಒಂದು ಪೈಸೆ ಕೊಡೋದು ಬೇಡ. ಬಂದದ್ದರಲ್ಲಿ ಅರ್ಧ ನಮಗೆ. ಇಲ್ಲಿ ಹೆಬ್ಬೆಟ್ಟು ಒತ್ತಿ" ಎಂದು ನಾಲ್ಕು ಹಾಳೆ ಚಾಚಿದ. ನಾಲ್ಕರಲ್ಲಿ ಮೂರು ಖಾಲಿ.

ಅಕ್ಕ ಹಾಳೆ ಕೈಗೆ ತೆಗೆದುಕೊಂಡು ಅಕ್ಷರ ಕೂಡಿಸಿ ಓದಿದರು. ವ-ಕಾ-ಲ-ತ್ತು. ಒತ್ತಕ್ಷರದ ಪಾಠ ನಮ್ಮಲ್ಲಿ ಆಗಷ್ಟೇ ಮುಗಿದಿತ್ತು ನೋಡಿ! "ನನಗೆ ರುಜು ಹಾಕೋಕೆ ಬರ್ತದೆ. ಖಾಲಿ ಹಾಳೆಗೆ ಮಾತ್ರ ಹಾಕೋದಿಲ್ಲ. ನಾಳೆ ಬಾ" ಅಂದರಂತೆ. ಅವನು ನಾಳೆ ಬರಲಿಲ್ಲ.

ನನಗೆ ನನ್ನ ಚಿಕ್ಕಮ್ಮ ನೆನಪಾದರು. ಚಿಕ್ಕಪ್ಪ ಲಾರಿ ಬಡಿದು ತೀರಿಕೊಂಡಾಗ ಅವರಿಗೂ ಹೀಗೆಯೇ ಒಬ್ಬರು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಕೆಲವು ವರ್ಷದ ಮೇಲೆ ಒಂದಿಷ್ಟು ದುಡ್ಡು ತಂದು ಕೈಗಿಟ್ಟರು. ಕೋರ್ಟು ಎಷ್ಟು ಕೊಟ್ಟಿತ್ತು, ನಡುವೆ ಎಷ್ಟು ಹೋಯಿತು, ಚಿಕ್ಕಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಬಂದದ್ದೇ ಭಾಗ್ಯ" ಅನ್ನುತ್ತಿದ್ದರು. ಅದು ಭಾಗ್ಯ ಅಲ್ಲ, ಅವರ ಹಕ್ಕಿನ ಹಣ. ನನಗೆ ಆಗ ಇದೆಲ್ಲ ತಿಳಿದಿರಲಿಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರೋಣ. "ಟೀಚರೇ, ವಕೀಲರನ್ನ ಹಿಡಿಯಲೋ ಬೇಡವೋ? ಫೀಸಿಗೆ ಎಲ್ಲಿಂದ ತರಲಿ? ಹತ್ತು ಸಾವಿರಕ್ಕೇ ಸುಮ್ಮನಾಗಿಬಿಡಲೇ?"

ಮೊದಲು ಒಂದು ಮಾತು. ವಕೀಲರ ಮಾತಿಗಿಂತ ಮುಂಚೆ ಪೊಲೀಸು ದೂರು ಆಗಬೇಕು. ದೂರು ಇಲ್ಲದಿದ್ದರೆ ಎಂಥ ವಕೀಲರು ಬಂದರೂ ಕಷ್ಟ. ದೂರು ಕೊಟ್ಟಮೇಲೆ ಎಫ್.ಐ.ಆರ್. ಬರೆಯುತ್ತಾರೆ. ದೂರು ಕೊಟ್ಟವರಿಗೆ ಅದರ ನಕಲು ಪುಕ್ಕಟೆ ಸಿಗಬೇಕು. ಕೇಳಿ ಪಡೆಯಿರಿ. ನಮ್ಮ ಅಕ್ಕನ ಮಗ ಮೂರನೆಯ ದಿನ ಠಾಣೆಗೆ ಹೋಗಿ ದೂರು ಬರೆಸಿದ. ತಡವಾಯಿತು ನಿಜ, ಆದರೆ ಆಯಿತು. ಹತ್ತು ಸಾವಿರವನ್ನು ಏನು ಮಾಡಿದರು ಅಂತೀರಾ? ಮದ್ದಿಗೆ ಬೇಕಿತ್ತು, ಇಟ್ಟುಕೊಂಡರು. ಆದರೆ "ಎಲ್ಲ ಮುಗಿಯಿತು" ಎಂದು ಬರೆದುಕೊಡಲಿಲ್ಲ. ಜಾಣತನ ಅದು.

ಕಾರಿನವನಿಗೂ ಒಂದು ವಿಷಯ ಗೊತ್ತಿದ್ದ ಹಾಗೆ ಇಲ್ಲ. ರಸ್ತೆಗೆ ಇಳಿಯುವ ಗಾಡಿಗೆ ವಿಮೆ ಇರಲೇಬೇಕು. ಕಾರಿಗೆ ವಿಮೆ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಅವನ ಮನೆ ಮಾರಬೇಕಾಗಿಲ್ಲ. "ಪಾಪ, ಅವನನ್ನು ಯಾಕೆ ಕೋರ್ಟಿಗೆ ಎಳೆಯೋದು" ಎಂದು ನಮ್ಮ ಹೆಂಗಸರು ಕರಗಿಬಿಡುತ್ತಾರೆ. ಕರಗಬೇಡಿ.

ಇನ್ನು ವಕೀಲರು. ಕಾನೂನಿನ ಪ್ರಕಾರ ವಕೀಲರು ಇರಲೇಬೇಕು ಅಂತ ಇಲ್ಲ. ಗಾಯಗೊಂಡವರೇ ಅರ್ಜಿ ಹಾಕಬಹುದು. ಮೋಟಾರು ಅಪಘಾತ ಪರಿಹಾರಕ್ಕೆ ಬೇರೆ ನ್ಯಾಯಮಂಡಳಿ ಇದೆ. ನೀವು ವಾಸ ಮಾಡುವ ಕಡೆಯೇ ಅರ್ಜಿ ಹಾಕಬಹುದು, ಅಪಘಾತ ಆದ ಊರಿಗೇ ಹೋಗಬೇಕಾಗಿಲ್ಲ. 2022ರಿಂದ ಇನ್ನೊಂದು ನಿಯಮ ಬಂದಿದೆ. ಅಪಘಾತವಾದ 48 ಗಂಟೆಯೊಳಗೆ ಪೊಲೀಸರು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಮೊದಲ ವರದಿ ಕಳಿಸಬೇಕು. 10 ದಿನದೊಳಗೆ ನಿಮ್ಮ ಹಕ್ಕುಗಳೇನು ಎಂಬ ಕಾಗದವನ್ನು ನಿಮಗೆ ಕೊಡಬೇಕು. 90 ದಿನದೊಳಗೆ ಪೂರ್ತಿ ವರದಿ ಸಲ್ಲಿಸಬೇಕು. ಆ ವರದಿಯನ್ನೇ ಅರ್ಜಿ ಎಂದು ತೆಗೆದುಕೊಳ್ಳಲು ಕಾನೂನಿನಲ್ಲಿ ದಾರಿ ಇದೆ.

ಬರೆದದ್ದೆಲ್ಲ ಹೇಳಿದ ಹೊತ್ತಿಗೆ ಆಗುತ್ತದೆ ಎಂದು ನಂಬಿ ಕೂರಬೇಡಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಈಗಿನ ಕಾನೂನು ಹೇಳುತ್ತದೆ. ಮೂಳೆ ಕೂಡುವುದನ್ನು ಕಾಯುತ್ತ ಕೂತರೆ ಆರು ತಿಂಗಳು ಕಳೆದೇ ಹೋಗುತ್ತದೆ.

ಹಾಗಾದರೆ ಯಾರಿಗೆ ವಕೀಲರು ಬೇಕು? ತರಚು ಗಾಯ, ಎರಡು ದಿನದ ಮದ್ದು, ಒಂದು ವಾರದ ಕೂಲಿ ನಷ್ಟ. ಇಷ್ಟೇ ಆದರೆ ದೊಡ್ಡ ಫೀಸು ಕೊಟ್ಟು ವಕೀಲರನ್ನು ಹಿಡಿಯುವುದು ನಷ್ಟದ ಬಾಬತ್ತು. ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ಮುಗಿಸಬಹುದು. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಅದು ನೆನಪಿರಲಿ. ಆದರೆ ಮೂಳೆ ಮುರಿದಿದ್ದರೆ, ಕೈಕಾಲು ಊನವಾಗಿದ್ದರೆ, ಮನೆಯಲ್ಲಿ ಯಾರಾದರೂ ತೀರಿಹೋಗಿದ್ದರೆ, ವಕೀಲರು ಬೇಕು. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಮಾಡೋಣ. ಸ್ಲೇಟು ತೆಗೆಯಿರಿ.

ಅಕ್ಕನಿಗೆ 38 ವರ್ಷ. ಕೂಲಿಯಿಂದ ತಿಂಗಳಿಗೆ 10,000 ರೂಪಾಯಿ ದುಡಿಯುತ್ತಾರೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 1,20,000. ಅವರ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 20 ಭಾಗ ಹೋಯಿತು ಎಂದು ಕೋರ್ಟು ಒಪ್ಪಿತು ಅನ್ನಿ. ವರ್ಷಕ್ಕೆ 24,000 ನಷ್ಟ. ವಯಸ್ಸಿಗೆ ತಕ್ಕಂತೆ ಇದನ್ನು ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 2009ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಪಟ್ಟಿ ಹಾಕಿಕೊಟ್ಟಿದೆ. 36ರಿಂದ 40 ವರ್ಷದವರಿಗೆ 15. ಇಪ್ಪತ್ತನಾಲ್ಕು ಸಾವಿರವನ್ನು ಹದಿನೈದರಿಂದ ಗುಣಿಸಿ. ಎಷ್ಟು? 3,60,000. ಆಸ್ಪತ್ರೆ ಖರ್ಚು, ನೋವಿಗೆ ಕೊಡುವುದು, ಮಲಗಿದ್ದ ದಿನಗಳ ಕೂಲಿ, ನೋಡಿಕೊಂಡವರ ಖರ್ಚು, ಇವೆಲ್ಲ ಬೇರೆ.

ಈಗ 20ರ ಬದಲು 10 ಎಂದು ಹಾಕಿ. 1,80,000ಕ್ಕೆ ಇಳಿಯಿತು. ಜಗಳವೆಲ್ಲ ಇರುವುದು ಈ ಇಪ್ಪತ್ತು ಹತ್ತರಲ್ಲೇ. ಕಂಪನಿಯ ವಕೀಲರು ಬಂದು, "ಊನ ಇರುವುದು ಒಂದು ಕಾಲಿಗೆ, ಇಡೀ ಮೈಗೆ ನೋಡಿದರೆ ಸ್ವಲ್ಪವೇ" ಅನ್ನುತ್ತಾರೆ. ಡಾಕ್ಟರನ್ನು ಪಾಟೀಸವಾಲು ಮಾಡುತ್ತಾರೆ. ಆಗ ನಮ್ಮ ಕಡೆಯವರು ಎದ್ದು, "ಸ್ವಾಮಿ, ಈಕೆ ಕಳೆ ಕೀಳುವವಳು, ನಾಟಿ ಹಾಕುವವಳು. ಕುಕ್ಕರಗಾಲಿನಲ್ಲಿ ಕೂರಲು ಆಗದಿದ್ದರೆ ಇವಳಿಗೆ ಕೂಲಿಯೇ ಇಲ್ಲ" ಎಂದು ಹೇಳಬೇಕು. ಇದಕ್ಕೂ ಆಧಾರ ಇದೆ. ಊನ ಎಷ್ಟು ಎಂದಷ್ಟೇ ಅಲ್ಲ, ಅದರಿಂದ ಆ ಮನುಷ್ಯರ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಎಂದು ನೋಡಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆಯೇ ಹೋದ ಹಾಗೆ. ಆಫೀಸಿನ ಗುಮಾಸ್ತನ ನೌಕರಿ ಉಳಿಯಬಹುದು. ಇದನ್ನು ಎದುರು ನಿಂತು ಹೇಳಲು ನಮಗೆ ಬಾಯಿ ಇದೆ. ಆದರೆ ಯಾವ ಹೊತ್ತಿನಲ್ಲಿ, ಯಾವ ಕಾಗದ ತೋರಿಸಿ ಹೇಳಬೇಕು ಎಂಬುದು ಅಭ್ಯಾಸ ಇದ್ದವರ ಕೆಲಸ.

ನಮ್ಮ ಕೂಲಿಗೆ ಸಂಬಳದ ಚೀಟಿ ಎಲ್ಲಿದೆ? ಅದೂ ಇನ್ನೊಂದು ಜಗಳ. ಕೂಲಿಗೆ ಹೋಗದೆ ಮನೆಯಲ್ಲೇ ದುಡಿಯುವವರಿಗೆ ಏನೂ ಸಿಗುವುದಿಲ್ಲ ಅಂದುಕೊಳ್ಳಬೇಡಿ. ನೀರು ಹೊರುವುದು, ಅಡಿಗೆ, ದನ ಕರು, ಮುದುಕರ ಆರೈಕೆ, ಇವಕ್ಕೂ ಬೆಲೆ ಕಟ್ಟಬೇಕು ಎಂದು 2021ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. (ನಮ್ಮ ಮನೆಯ ಗಂಡಸರೂ ಆ ತೀರ್ಪು ಓದಿದರೆ ಒಳ್ಳೆಯದು.)

ಕೂಲಿಗೆ ಹೋಗುವಾಗ ಸರಕಿನ ಟೆಂಪೋ, ಟ್ರ್ಯಾಕ್ಟರಿನ ಟ್ರೈಲರು ಹತ್ತಿ ಹೋಗುತ್ತೀರಲ್ಲ, ಅಲ್ಲಿ ಅಪಘಾತವಾದರೆ "ಅದು ಜನ ಕೂರುವ ಗಾಡಿ ಅಲ್ಲ" ಎಂದು ಕಂಪನಿ ಜಾರಿಕೊಳ್ಳಲು ನೋಡುತ್ತದೆ. ಅಂಥ ಕಡೆ ವಕೀಲರಿಲ್ಲದೆ ಹೆಜ್ಜೆ ಇಡಬೇಡಿ. ಹೊಡೆದ ಗಾಡಿ ಯಾವುದೆಂದೇ ತಿಳಿಯದಿದ್ದರೆ ದಾರಿ ಬೇರೆ. ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಅರ್ಜಿ ಕೊಡಬೇಕು. 2022ರಿಂದ ಸತ್ತರೆ 2 ಲಕ್ಷ, ದೊಡ್ಡ ಗಾಯವಾದರೆ 50,000 ರೂಪಾಯಿ ನಿಗದಿಯಾಗಿದೆ.

ಫೀಸಿನ ಮಾತು. ಇದನ್ನು ಗಮನವಿಟ್ಟು ಕೇಳಿ. ಹೆಂಗಸರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಇದು ಇದೆ. ಬಡವಿಯೋ ಸಾಹುಕಾರ್ತಿಯೋ ಎಂದು ನೋಡುವುದಿಲ್ಲ. ಹೆಣ್ಣು ಎಂದರೆ ಸಾಕು, ಆದಾಯದ ಸರ್ಟಿಫಿಕೇಟು ಬೇಡ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಅದರ ಅಧ್ಯಕ್ಷರು ನ್ಯಾಯಾಧೀಶರೇ. ಒಂದು ಅರ್ಜಿ ಬರೆದುಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. ಫೋನಿನಲ್ಲಿ ಕೇಳಬೇಕಾದರೆ 15100, ಅದಕ್ಕೆ ದುಡ್ಡಿಲ್ಲ. ಹಾಗೆ ನೇಮಕವಾದ ವಕೀಲರು ನಿಮ್ಮಿಂದ ಫೀಸು ಕೇಳುವ ಹಾಗಿಲ್ಲ. ಕೇಳಿದರೆ ಸಮಿತಿಗೆ ಹೇಳಿ.

"ಪುಕ್ಕಟೆ ವಕೀಲರು ಸರಿಯಾಗಿ ನೋಡ್ತಾರಾ?" ಅಕ್ಕ ಕೇಳಿದರು. ನಿಜ ಹೇಳುತ್ತೇನೆ, ಎಲ್ಲರೂ ಒಂದೇ ತರ ಇರುವುದಿಲ್ಲ. ದುಡ್ಡು ಕೊಟ್ಟು ಹಿಡಿದವರೂ ಎಲ್ಲರೂ ಒಂದೇ ತರ ಇರುವುದಿಲ್ಲವಲ್ಲ! ಸರಿಹೋಗದಿದ್ದರೆ ಬದಲಾಯಿಸಿಕೊಡಿ ಎಂದು ಸಮಿತಿಯನ್ನು ಕೇಳಬಹುದು. ಸ್ವಂತ ಖರ್ಚಿನಲ್ಲಿ ಹಿಡಿಯುವವರು ಫೀಸು ಎಷ್ಟು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಬಂದ ಹಣದಲ್ಲಿ ಅರ್ಧ, ಕಾಲು ಎಂದು ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ. ಪರಿಹಾರದ ಹಣ ನಿಮ್ಮ ಹೆಸರಿನ ಬ್ಯಾಂಕು ಖಾತೆಗೆ ಬರಬೇಕು. ಪಾಸುಬುಕ್ಕು, ಚೆಕ್ಕು ಪುಸ್ತಕ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ಬರೆಯದ ಚೆಕ್ಕಿಗೆ ರುಜು ಹಾಕಬೇಡಿ. ಕಂಪನಿಯವರು ರಾಜಿಗೆ ಬಂದು ಹಣ ಮುಂದಿಟ್ಟರೆ ಓದದೆ ಒಪ್ಪಬೇಡಿ. ಒಪ್ಪಿ ಹಣ ತೆಗೆದುಕೊಂಡರೆ ಕೇಸು ಅಲ್ಲಿಗೆ ನಿಂತಂತೆ.

ಅಕ್ಕನ ಚೀಲದಲ್ಲಿ ಈಗ ಏನೇನು ಇದೆ, ನಿನ್ನೆ ಇಬ್ಬರೂ ಕೂತು ನೋಡಿದೆವು. ಎಫ್.ಐ.ಆರ್. ನಕಲು ಇದೆ. ಆಸ್ಪತ್ರೆಯಿಂದ ಬಿಡುಗಡೆ ಮಾಡಿದ ಚೀಟಿ ಇದೆ. ಎಕ್ಸರೇ ಇದೆ. ಮದ್ದಿನ ಬಿಲ್ಲುಗಳಲ್ಲಿ ಅರ್ಧ ಇಲ್ಲ, ಮೊಮ್ಮಗು ಹರಿದು ಹಾಕಿದೆ. ಮೆಡಿಕಲ್ ಅಂಗಡಿಗೆ ಹೋಗಿ ಇನ್ನೊಂದು ನಕಲು ಕೇಳಬೇಕು. ಗಾಯದ ಸರ್ಟಿಫಿಕೇಟು ಠಾಣೆಯಿಂದ ಬರಬೇಕು. ಆಟೋಗೆ ಕೊಟ್ಟ ದುಡ್ಡನ್ನು ತಾರೀಕಿನ ಸಮೇತ ನೋಟುಬುಕ್ಕಿನಲ್ಲಿ ಅವರೇ ಬರೆದಿಟ್ಟಿದ್ದಾರೆ. ಅಕ್ಷರ ಸೊಟ್ಟ ಇದೆ, ಲೆಕ್ಕ ಸರಿಯಾಗಿದೆ.

ಬರುವ ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ತಾಲ್ಲೂಕು ಕೋರ್ಟಿಗೆ ಹೊರಡುತ್ತೇವೆ. ನಾನು ಶಾಲೆಗೆ ರಜೆ ಬರೆದಿದ್ದೇನೆ. ಅವರನ್ನು ಬಸ್ಸು ಹತ್ತಿಸಲು ಇನ್ನೊಬ್ಬರು ಬೇಕು, ಯಾರು ಬರುತ್ತೀರಿ? ಕಾನೂನು ಸೇವೆಗಳ ಸಮಿತಿಗೆ ಕೊಡುವ ಅರ್ಜಿಯನ್ನು ಈಗ ಎಲ್ಲರೂ ಸೇರಿ ಬರೆಯೋಣ. ಸ್ಲೇಟು ಒಳಗಿಡಿ, ಪೆನ್ನು ಹಾಳೆ ತೆಗೆಯಿರಿ. ಮೇಲೆ, ಬಲಗಡೆ, ಮೊದಲು ತಾರೀಕು ಹಾಕಿ.