ಬೀಜದ ಅಳತೆ ಪುಸ್ತಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಕುಲಾಂತರಿ ಬೆಳೆಗಳ ಮೇಲೆ ಸರ್ಕಾರದ ನಿಯಂತ್ರಣ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ನಾನು ಕೃಷಿ ವಿಜ್ಞಾನಿಯಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕೆರೆ, ಕಾಲುವೆ, ಸೇತುವೆ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ನನಗೆ ಗೊತ್ತಿರುವುದು ಅಳತೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸರ್ಕಾರಿ ಕೆಲಸದಲ್ಲಿ ಎಂ.ಬಿ. ಅಂತ ಒಂದು ಅಳತೆ ಪುಸ್ತಕ ಇರುತ್ತದೆ. ಗುತ್ತಿಗೆದಾರ ಎಷ್ಟು ಮಣ್ಣು ತೆಗೆದ, ಎಷ್ಟು ಕಾಂಕ್ರೀಟು ಹಾಕಿದ ಎಂಬುದನ್ನು ಅವನೇ ಬರೆದುಕೊಳ್ಳುವ ಹಾಗಿಲ್ಲ. ಇಲಾಖೆಯ ಎಂಜಿನಿಯರ್ ಟೇಪು ಹಿಡಿದು ಅಳೆದು ಬರೆಯಬೇಕು. ಅವನು ಬರೆದದ್ದನ್ನು ಮೇಲಿನ ಅಧಿಕಾರಿ ಸ್ಥಳಕ್ಕೆ ಬಂದು ಮತ್ತೆ ಅಳೆಯಬೇಕು. ಇಷ್ಟಾದರೂ ಕಳ್ಳತನ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆದಾಗ ಯಾರ ಕೈಬರಹ, ಯಾರ ಸಹಿ ಎಂದು ಪುಟ ತೆಗೆದು ತೋರಿಸಬಹುದು. ಬೀಜದ ಕೆಲಸದಲ್ಲಿ ಈ ಪುಸ್ತಕ ಯಾರ ಕೈಯಲ್ಲಿದೆ? ಇವತ್ತು ನಾನು ಕೇಳಲಿರುವುದು ಅಷ್ಟೇ.

ಕಾನೂನು ಇಲ್ಲವೆಂದಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ 1989ರಲ್ಲೇ ನಿಯಮಗಳು ಬಂದವು. ದೆಹಲಿಯಲ್ಲಿ ಜಿಇಎಸಿ ಎಂಬ ಸಮಿತಿ ಇದೆ. ಮೊದಲು ಅದರ ಹೆಸರಿನಲ್ಲಿ 'ಅನುಮೋದನೆ' ಎಂದಿತ್ತು, 2010ರಲ್ಲಿ ಅದು 'ಮೌಲ್ಯಮಾಪನ' ಆಯಿತು. ಬೋರ್ಡು ಬದಲಿಸುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ತಡ ಮಾಡಿದ್ದಿಲ್ಲ.

ಈ ಸಮಿತಿ 2002ರ ಮಾರ್ಚಿನಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಕೊಟ್ಟಿತು. ಅದಕ್ಕೆ ಮುಂಚೆ, 2001ರಲ್ಲೇ, ಗುಜರಾತಿನ ಸಾವಿರಾರು ಎಕರೆಯಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಬೆಳೆದು ನಿಂತಿತ್ತು. ಬೀಜ ಮುಂದೆ, ಸರ್ಕಾರ ಹಿಂದೆ.

ಬಿ.ಟಿ. ಎಂದರೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದರ ಒಂದು ಜೀನನ್ನು ಹತ್ತಿಗೆ ಸೇರಿಸಿದರೆ ಗಿಡವೇ ಹುಳಕ್ಕೆ ವಿಷವಾಗುವ ಪ್ರೋಟೀನು ತಯಾರಿಸುತ್ತದೆ. ಎಲ್ಲ ಹುಳ ಸಾಯುವುದಿಲ್ಲ. ಲಕ್ಷಕ್ಕೆ ಒಂದೋ ಎರಡೋ ತಾಳಿಕೊಂಡು ಉಳಿಯುತ್ತವೆ. ಉಳಿದವು ತಮ್ಮ ತಮ್ಮಲ್ಲೇ ಕೂಡಿದರೆ ಹುಟ್ಟುವ ಸಂತತಿಗೆಲ್ಲ ವಿಷ ತಾಳುವ ಶಕ್ತಿ ಬರುತ್ತದೆ. ಅದಕ್ಕೆ ಸಮಿತಿ ಒಂದು ಷರತ್ತು ಹಾಕಿತು. ಹೊಲದ ಸುತ್ತ ಐದು ಸಾಲು ಅಥವಾ ಬಿತ್ತಿದ್ದರ ಶೇಕಡಾ 20 ಭಾಗ, ಯಾವುದು ಹೆಚ್ಚೋ ಅಷ್ಟು, ಬಿ.ಟಿ. ಇಲ್ಲದ ಹತ್ತಿ ಹಾಕಬೇಕು. ಅಲ್ಲಿ ಸಾಮಾನ್ಯ ಹುಳಗಳು ಬದುಕಿ, ಚಿಟ್ಟೆಯಾಗಿ, ಗಟ್ಟಿ ಹುಳಗಳೊಂದಿಗೆ ಕೂಡುತ್ತವೆ. ಆ ಸಂತತಿಗೆ ವಿಷ ತಾಕುತ್ತದೆ. ಒಳ್ಳೆಯ ವಿನ್ಯಾಸ. ಎಂಜಿನಿಯರ್ ಆಗಿ ನನಗೆ ಮೆಚ್ಚುಗೆಯಿದೆ.

ಈಗ ನನ್ನ ತಪ್ಪು ಹೇಳಿಕೊಳ್ಳುತ್ತೇನೆ. 2005ರ ಮುಂಗಾರು. ನಮ್ಮ ಊರಿನ ಎರೆಹೊಲ ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ಬಿ.ಟಿ. ಬೀಜ ತಂದಿದ್ದ. 450 ಗ್ರಾಂ ಪಾಕೀಟಿನ ಜೊತೆ 120 ಗ್ರಾಂದು ಇನ್ನೊಂದು ಸಣ್ಣ ಪಾಕೀಟು.

"ಅಣ್ಣಾ, ಇದ್ರಾಗ ಬಿ.ಟಿ. ಇಲ್ಲಂತ. ಸುತ್ತ ಹಚ್ಚಬೇಕಂತ. ಏನು ಮಾಡ್ಲಿ?" ಅಂದ.

ಬಿ.ಇ. ಓದಿದ ಅಣ್ಣ, ಹಬ್ಬಕ್ಕೆ ಊರಿಗೆ ಬಂದಿದ್ದೆ. "ಐದರಾಗ ಒಂದು ಪಾಲು ಹೊಲಾ ಹುಳಕ್ಕ ಬಿಡ್ತಿಯೇನ ತಮ್ಮಾ?" ಅಂತ ನಕ್ಕೆ. ಅವನೂ ನಕ್ಕ. ಆ ಪಾಕೀಟು ಹಿತ್ತಲಿಗೆ ಹೋಯಿತು. ಕಾಂಕ್ರೀಟಿನಲ್ಲಿ ಒಂದು ಪಾಲು ಸಿಮೆಂಟು ಕಡಿಮೆ ಹಾಕಿದರೆ ಬಿಲ್ಲು ತಡೆಹಿಡಿಯುತ್ತಿದ್ದವನು, ತಮ್ಮನ ಹೊಲದಲ್ಲಿ ಸುರಕ್ಷತೆಯ ಪಾಲನ್ನೇ ತೆಗೆಸಿಬಿಟ್ಟೆ. ಪಾಕೀಟಿನಲ್ಲಿದ್ದ ಕಾಗದವನ್ನು ಓದುವ ಕಾಯಕವನ್ನೂ ಮಾಡಲಿಲ್ಲ.

ಮೊದಲ ವರ್ಷಗಳಲ್ಲಿ ಲಾಭ ಆಯಿತು, ಮರೆಮಾಚಬಾರದು. ಎಣ್ಣೆ ಹೊಡೆಯುವುದು ಕಡಿಮೆಯಾಯಿತು. ತಮ್ಮನ ಮಗಳ ಕಾಲೇಜು ಫೀ ಹತ್ತಿಯಿಂದಲೇ ಕಟ್ಟಿದ್ದು. ದೇಶದ ಹತ್ತಿ ಹೊಲಗಳಲ್ಲಿ ಶೇಕಡಾ 90ಕ್ಕೂ ಮೇಲೆ ಬಿ.ಟಿ. ಆಯಿತು. ಆದರೆ ಗುಲಾಬಿ ಕಾಯಿಕೊರಕ ಹೆಚ್ಚಾಗಿ ಹತ್ತಿಯನ್ನೇ ನಂಬಿದ ಹುಳ. ತೊಗರಿ, ಕಡಲೆಯ ಮೇಲೆ ಬದುಕುವ ಹಸಿರು ಕಾಯಿಕೊರಕಕ್ಕೆ ಬೇರೆ ಆಶ್ರಯವಿದೆ, ಇದಕ್ಕೆ ಇಲ್ಲ. ಸುತ್ತಲಿನ ಸಾಲು ಬೇಕಾಗಿದ್ದದ್ದು ಇದಕ್ಕೇ. 2010ರಲ್ಲಿ ಗುಜರಾತಿನಲ್ಲಿ ಈ ಹುಳ ಮೊದಲ ಜೀನಿಗೆ ಬಗ್ಗದಾಯಿತು ಎಂದು ಕಂಪನಿಯೇ ಒಪ್ಪಿತು. ಎರಡು ಜೀನಿನ ಬೀಜ ಅಷ್ಟರಲ್ಲಿ ಬಂದಿತ್ತು. ಕೆಲವೇ ವರ್ಷಗಳಲ್ಲಿ ಅದೂ ಸೋತು ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು ಭಾಗದವರೆಗೆ ಕಾಯಿಯೊಳಗೆ ಹುಳ ಬಂತು. ತಮ್ಮ ಈಗ ಮತ್ತೆ ಎಣ್ಣೆ ಹೊಡೆಯುತ್ತಾನೆ. ಬೀಜದ ದುಡ್ಡೂ ಹೋಗುತ್ತದೆ, ಎಣ್ಣೆಯ ದುಡ್ಡೂ ಹೋಗುತ್ತದೆ.

ರೈತರು ಷರತ್ತು ಪಾಲಿಸಲಿಲ್ಲ, ತಪ್ಪು ಅವರದೇ ಎಂದು ದೊಡ್ಡವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ಎಕರೆಯವನ ಮೇಲೆ ಇಡೀ ದೇಶದ ಹುಳ ನಿರ್ವಹಣೆ ಹೊರಿಸಿ, ಅವನಿಗೆ ಕನ್ನಡದಲ್ಲಿ ತಿಳಿಹೇಳದೆ, ಹೊಲಕ್ಕೆ ಬಂದು ನೋಡದೆ, ಕೊಟ್ಟ ಅನುಮತಿ ಅದು. ಮೇಲ್ಗಾಲುವೆಯಲ್ಲಿ ನೀರು ಬಿಟ್ಟು, ಕೊನೆಯಂಚಿನ ರೈತನಿಗೆ ಬರಲಿಲ್ಲವೆಂದರೆ ಅವನದೇ ತಪ್ಪು ಅಂದ ಹಾಗಾಯಿತು.

1989ರ ನಿಯಮದಲ್ಲಿ ಇನ್ನೊಂದು ಸಮಿತಿಯೂ ಇದೆ. ಅದು ಜಿಲ್ಲೆಯಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇರಬೇಕು. ಸ್ಥಳದಲ್ಲಿ ನಿಯಮ ಪಾಲನೆ ನೋಡುವುದು ಅದರ ಕೆಲಸ. ಅಂದರೆ ಮರು ಅಳತೆ ಮಾಡಬೇಕಾದವರು ಅವರೇ. ನಾನು ಕೆಲಸ ಮಾಡಿದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇನೆ. ಕುಡಿಯುವ ನೀರಿನಿಂದ ಗಣೇಶ ವಿಸರ್ಜನೆಯವರೆಗೆ ಎಲ್ಲಕ್ಕೂ ಸಮಿತಿ ಇತ್ತು. ಇದರ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಇಂಥದೊಂದು ಇದೆ ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ನಿಯಮ ಓದಿದಾಗ.

ಇನ್ನು ಅಳತೆ ಬರೆಯುವವರು ಯಾರು ಎಂಬ ಮಾತು. ಬಿ.ಟಿ. ಬದನೆ ನೆನಪಿರಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅದರಲ್ಲಿ ಭಾಗಿಯಾಗಿತ್ತು. ಕುಡಚಿಯ ಬದನೆ, ಉಡುಪಿಯ ಬದನೆ ಆ ಪಟ್ಟಿಯಲ್ಲಿದ್ದವು. 2009ರ ಅಕ್ಟೋಬರಿನಲ್ಲಿ ಸಮಿತಿ ಹೂಂ ಅಂದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮುಂದೆ ಕುಳಿತು ಬೈಸಿಕೊಂಡು, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಅವರ ಆಕ್ಷೇಪಗಳಲ್ಲಿ ನನಗೆ ನಾಟಿದ್ದು ಇದು: ಸುರಕ್ಷತೆಯ ಪರೀಕ್ಷೆಗಳೆಲ್ಲ ಅರ್ಜಿ ಹಾಕಿದ ಕಂಪನಿ ಮಾಡಿಸಿದವು, ಸ್ವತಂತ್ರ ಪರೀಕ್ಷೆ ಇಲ್ಲ. ಎಂ.ಬಿ.ಯನ್ನು ಗುತ್ತಿಗೆದಾರನೇ ಬರೆದಂತೆ.

ಸರ್ಕಾರಿ ಸಂಸ್ಥೆಗಳಾದರೆ ಸರಿಯಾಗುತ್ತದೆಯೇ? ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಡಿ ಬಿಕಾನೇರಿ ನರ್ಮಾ ಎಂಬ ತಳಿಯಲ್ಲಿ ಬಿ.ಟಿ. ಹತ್ತಿ ತಂದವು. ಹೈಬ್ರಿಡ್ ಅಲ್ಲ, ರೈತ ಬೀಜ ಎತ್ತಿಟ್ಟುಕೊಂಡು ಮತ್ತೆ ಬಿತ್ತಬಹುದು. ನಮ್ಮಂಥವರ ಕನಸೇ ಅದು. 2008ರಲ್ಲಿ ಅನುಮತಿ ಸಿಕ್ಕಿತು, 2009ರಲ್ಲಿ ಮಾರಾಟವಾಯಿತು, ಆಮೇಲೆ ವಾಪಸ್ಸಾಯಿತು. ಅದರಲ್ಲಿ ಕಂಪನಿಯ ಜೀನೇ ಬೆರಕೆಯಾಗಿದೆ ಎಂದು ಗೊತ್ತಾಯಿತು. ಅನುಮತಿ ಕೊಡುವಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಕಂಪನಿಗಿಂತ ಇದೇ ಹೆಚ್ಚು ನೋವು ಕೊಟ್ಟಿತು, ಏಕೆಂದರೆ ಇದು ನಮ್ಮ ಮನೆಯ ಕೆಲಸ.

ಸಾಸಿವೆಯದು ಈಗ ನ್ಯಾಯಾಲಯದಲ್ಲಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್, ಅನುಮತಿಯ ಬಗ್ಗೆ ಬೇರೆ ಬೇರೆ ತೀರ್ಪು ಕೊಟ್ಟರು. ಆದರೆ ರಾಷ್ಟ್ರೀಯ ನೀತಿ ಬೇಕೆಂಬಲ್ಲಿ ಇಬ್ಬರದೂ ಒಂದೇ ಮಾತು.

ಈ ನಡುವೆ ಬಾಗಿಲು ಬೇರೆ ಕಡೆ ತೆರೆದಿದೆ. ಬೇರೆ ಜೀವಿಯ ಜೀನು ಸೇರಿಸದೆ, ಗಿಡದ ಸ್ವಂತ ಜೀನನ್ನೇ ತಿದ್ದುವ ವಿಧಾನಕ್ಕೆ 2022ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 1989ರ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಅಪಾಯ ಕಡಿಮೆ ಎನ್ನುವ ವಿಜ್ಞಾನಿಗಳ ವಾದದಲ್ಲಿ ಹುರುಳಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊರಗಿನ ಜೀನು ಉಳಿದಿಲ್ಲವೆಂದು ಮೊದಲು ನೋಡಿ ಹೇಳುವುದು ತಳಿ ತಯಾರಿಸಿದ ಸಂಸ್ಥೆಯೊಳಗಿನ ಸಮಿತಿ. ಹತ್ತಿಯನ್ನು ನಾವು ಉಡುತ್ತೇವೆ, ಅದರ ಕಾಳು ಎಮ್ಮೆಗೆ ಹೋಗುತ್ತದೆ, ಎಣ್ಣೆ ಬಾಣಲೆಗೂ ಬರುತ್ತದೆ. ಭತ್ತವಂತೂ ನೇರವಾಗಿ ಈ ಮಠದ ದಾಸೋಹದ ಎಲೆಗೇ ಬರುವಂಥದ್ದು. ಪ್ರಶ್ನೆ ಕೇಳದೆ ಬಡಿಸಿಕೊಳ್ಳುವುದು ಶರಣ ಪರಂಪರೆಯವರಿಗೆ ಒಪ್ಪುವ ಮಾತಲ್ಲ.

ಕಳೆದ ತಿಂಗಳು ನಾನೊಂದು ಸಣ್ಣ ಕೆಲಸ ಮಾಡಿದ್ದೇನೆ. ಹತ್ತು ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ನಮ್ಮ ಜಿಲ್ಲಾಧಿಕಾರಿ ಕಚೇರಿಗೆ ಮೂರು ಪ್ರಶ್ನೆ ಬರೆದಿದ್ದೇನೆ. ಆ ಜಿಲ್ಲಾ ಸಮಿತಿ ರಚನೆಯಾಗಿದೆಯೇ, ಸದಸ್ಯರು ಯಾರು, ಕೊನೆಯ ಸಭೆಯ ನಡಾವಳಿಯ ಪ್ರತಿ ಕೊಡಿ. ಬರೆದು ಮುಗಿಸಿದಾಗ ತಮ್ಮ ಪಕ್ಕದಲ್ಲೇ ಕುಳಿತಿದ್ದ. "ಇಪ್ಪತ್ತು ವರ್ಷ ತಡಾ ಆತಲ್ಲಣ್ಣಾ" ಅಂದ. ಹೌದು, ಆಯಿತು. ಉತ್ತರ ಕೊಡಲು ಅವರಿಗೆ ಮೂವತ್ತು ದಿನದ ಅವಕಾಶವಿದೆ. ಏನು ಬಂದರೂ, ಏನೂ ಬರದಿದ್ದರೂ, ಮುಂದಿನ ತಿಂಗಳು ಇದೇ ಗೋಷ್ಠಿಯಲ್ಲಿ ಓದಿ ಹೇಳುತ್ತೇನೆ. ಅರ್ಜಿಯ ನಕಲು ನನ್ನ ಚೀಲದಲ್ಲಿದೆ, ಬೇರೆ ಜಿಲ್ಲೆಯವರು ಬೇಕಾದರೆ ತೆಗೆದುಕೊಂಡು ಹೋಗಿ.